ಕೊಳಕ್ಕೆ ಇಳಿಸುವವರು ಯಾರು?

ಇಂದು ಸಂಜೆ ಕುಟುಂಬ ಜಪಕ್ಕೆ ಕುಳಿತಾಗ ಸಂತ ಯೊವಾನ್ನನ ಶುಭಸಂದೇಶದ ಐದನೆಯ ಅಧ್ಯಾಯವನ್ನು ಒಮ್ಮೆ ತೆರೆದು ಓದಿ. ಜೆರುಸಲೇಮಿನಲ್ಲಿ ಕುರಿಬಾಗಿಲಿನ ಹತ್ತಿರ ಬೆತ್ಸಥ ಎಂಬ ಕೊಳ. ಅದಕ್ಕೆ ಐದು ಮಂಟಪಗಳು. ಮಂಟಪಗಳ ತುಂಬ ಕುರುಡರು, ಕುಂಟರು, ಕೈಕಾಲು ಬತ್ತಿದವರು. ಕೊಳದ ನೀರು ಕಲಕಿದಾಗ ಮೊದಲು ಇಳಿದವನಿಗೆ ಗುಣವಾಗುತ್ತದೆ ಎಂಬುದು ಅಲ್ಲಿನವರ ನಂಬಿಕೆ. ಆ ಜನರ ನಡುವೆ 38 ವರ್ಷಗಳಿಂದ ಕಾಯಿಲೆ ಬಿದ್ದಿದ್ದ ಒಬ್ಬ ಮನುಷ್ಯನಿದ್ದ. ನೀರು ಕಲಕಿದಾಗಲೆಲ್ಲ ಕಾಲಿನಲ್ಲಿ ಬಲವಿದ್ದವರು, ಕೈಹಿಡಿದು ಇಳಿಸುವ ಜನ ಇದ್ದವರು ಅವನಿಗಿಂತ ಮುಂಚೆ ಇಳಿದುಬಿಡುತ್ತಿದ್ದರು. ಅವನನ್ನು ಇಳಿಸಲು ಯಾರೂ ಇರಲಿಲ್ಲ.

ಯೇಸುಸ್ವಾಮಿ ಅವನ ಬಳಿಗೆ ಬಂದಾಗ ಮೊದಲು ಮಾಡಿದ್ದೇನು? ಅವನನ್ನು ಗದರಿಸಲಿಲ್ಲ, ಎಳೆದು ನೀರಿಗೆ ಹಾಕಲೂ ಇಲ್ಲ. ಗುಣವಾಗಲು ನಿನಗೆ ಮನಸ್ಸಿದೆಯೇ ಎಂದು ಕೇಳಿದರು.

ಈ ಒಂದು ಘಟನೆಯಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಔಷಧಿಯ ಬಳಿಗೆ ಹೋಗಲು ಆಗದವನಿಗೆ ದಾರಿ ಮಾಡಿಕೊಡಬೇಕು. ಎರಡನೆಯದು, ದಾರಿ ಮಾಡಿಕೊಟ್ಟ ಮೇಲೂ ಅವನ ಮನಸ್ಸನ್ನು ಕೇಳಬೇಕು. 2021ರಲ್ಲಿ ಕೊರೋನಾ ಲಸಿಕೆ ಬಂದಾಗ ನಮ್ಮ ತೆರಕಣಾಂಬಿ, ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಈ ಎರಡು ಪಾಠಗಳೂ ಪರೀಕ್ಷೆಗೆ ಒಳಗಾದವು. ಆ ವರ್ಷ ಮುಗಿದು ಹೋಯಿತು. ಆದರೆ ಇಂಥ ರೋಗ ಮತ್ತೆ ಬಂದರೆ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಆರೋಗ್ಯವಾಗಿರುವಾಗಲೇ ಯೋಚಿಸುವುದು ಒಳ್ಳೆಯದು.

ಹಿಂದೆ ಉಳಿದವರು

2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಹಾಕುವ ಕಾರ್ಯ ಆರಂಭವಾಯಿತು. ಮೊದಲು ಆಸ್ಪತ್ರೆಯ ಸಿಬ್ಬಂದಿ, ನಂತರ ಪೊಲೀಸರು, ಪೌರಕಾರ್ಮಿಕರು. ಮಾರ್ಚ್ 1ರಿಂದ 60 ದಾಟಿದವರು ಮತ್ತು ಬೇರೆ ಕಾಯಿಲೆಯಿದ್ದ 45 ದಾಟಿದವರು. ಏಪ್ರಿಲ್ 1ರಿಂದ 45 ದಾಟಿದ ಎಲ್ಲರೂ. ಈ ಕ್ರಮ ನ್ಯಾಯವಾದದ್ದೇ. ಅಪಾಯ ಹೆಚ್ಚಿದ್ದವರಿಗೆ ಮೊದಲು ಎಂಬುದು ಅದರ ಹಿಂದಿನ ವಿಚಾರ.

ಮೇ 1ರಿಂದ 18 ವರ್ಷ ದಾಟಿದ ಎಲ್ಲರಿಗೂ ಎಂದು ಘೋಷಣೆಯಾಯಿತು. ಬಾಗಿಲು ತೆರೆಯಿತು, ಆದರೆ ಒಳಗೆ ಲಸಿಕೆ ಇರಲಿಲ್ಲ. ದೇಶದಲ್ಲಿ 18 ದಾಟಿದವರು ಸುಮಾರು 94 ಕೋಟಿ ಜನ. ಜನವರಿಯಲ್ಲಿ ಕೇಂದ್ರ ಸರಕಾರ ಮೊದಲ ಸಲ ಕೊಳ್ಳಲು ಹೇಳಿದ್ದು ಕೋವಿಶೀಲ್ಡ್ 1.1 ಕೋಟಿ ಡೋಸು, ಕೋವ್ಯಾಕ್ಸಿನ್ 55 ಲಕ್ಷ ಡೋಸು. ಬೇರೆ ದೇಶಗಳು ಹಿಂದಿನ ವರ್ಷವೇ ಮುಂಗಡ ಕೊಟ್ಟು ಕಾದಿರಿಸಿಕೊಂಡಿದ್ದವು. ಬಿತ್ತನೆ ಕಾಲಕ್ಕೆ ಬೀಜ ಹುಡುಕಲು ಹೊರಟವನ ಪಾಡು ನಮ್ಮದಾಯಿತು. ಕರ್ನಾಟಕ ಸರಕಾರ 18ರಿಂದ 44 ವರ್ಷದವರಿಗೆ ಉಚಿತವಾಗಿ ಹಾಕುತ್ತೇವೆಂದು ಹೇಳಿದ್ದರೂ ಮೇ 14ರಿಂದ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಎರಡನೆಯ ಡೋಸಿಗಾಗಿ ಕಾಯುತ್ತಿದ್ದ ಹಿರಿಯರಿಗೇ ಸಾಲದಾಗಿತ್ತು. ಅದೇ ದಿನಗಳಲ್ಲಿ ಕೋವಿಶೀಲ್ಡಿನ ಎರಡು ಡೋಸುಗಳ ನಡುವಿನ ಅವಧಿಯನ್ನು 12ರಿಂದ 16 ವಾರಗಳಿಗೆ ಹೆಚ್ಚಿಸಲಾಯಿತು.

ಆಗ ನಮ್ಮ ಜಿಲ್ಲೆಯ ಪರಿಸ್ಥಿತಿ ಹೇಗಿತ್ತೆಂದು ನೆನಪಿದೆಯೇ? ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಯಿತು. ಒಂದು ದಿನದೊಳಗೆ 24 ರೋಗಿಗಳು ತೀರಿಕೊಂಡ ಸುದ್ದಿ ನಾಡನ್ನೇ ನಡುಗಿಸಿತು. ಲಸಿಕೆಯ ಸಾಲಿನಲ್ಲಿ ಹಿಂದೆ ಉಳಿಯುವುದೆಂದರೆ ಏನೆಂದು ನಮ್ಮ ಜಿಲ್ಲೆಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ತೊಡಕು ಮೊಬೈಲಿನದು. 18ರಿಂದ 44ರ ವಯಸ್ಸಿನವರು ಕೋವಿನ್ ಎಂಬ ವ್ಯವಸ್ಥೆಯಲ್ಲಿ ಮೊದಲೇ ಹೆಸರು ನೋಂದಾಯಿಸಿ, ಪಿನ್‌ಕೋಡ್ ಹಾಕಿ, ಮೊಬೈಲಿಗೆ ಬರುವ ಓಟಿಪಿ ಕೊಟ್ಟು, ದಿನ ಮತ್ತು ಹೊತ್ತನ್ನು ಕಾದಿರಿಸಬೇಕಿತ್ತು. ಅದು ಕನ್ನಡದಲ್ಲಿ ಸಿಕ್ಕಿದ್ದು ಜೂನ್ ತಿಂಗಳಲ್ಲಿ. ತೆರಕಣಾಂಬಿಯ ಮಾರುಕಟ್ಟೆಗೆ ಟೊಮೆಟೊ, ಕೋಸು ತರುವ ರೈತನನ್ನೂ ಅವನ ಹೊಲದಲ್ಲಿ ಕಳೆ ಕೀಳುವ ತಾಯಿಯನ್ನೂ ಕಣ್ಣ ಮುಂದೆ ತಂದುಕೊಳ್ಳಿ. ಮನೆಗೆಲ್ಲ ಒಂದೇ ಫೋನು; ಅದೂ ಮಾತಾಡಲು ಮಾತ್ರ ಬರುವಂಥದ್ದು. ಪಟ್ಟಣದ ಮನೆಯಲ್ಲಿ ಮೂರು ಜನ ಮೂರು ಫೋನು ಹಿಡಿದು ಕುಳಿತರೆ ಎರಡು ನಿಮಿಷದಲ್ಲಿ ಇದ್ದ ಜಾಗವೆಲ್ಲ ಭರ್ತಿ. ಬೆಂಗಳೂರಿನಿಂದ ಕಾರು ಮಾಡಿಕೊಂಡು ಅಕ್ಕಪಕ್ಕದ ಜಿಲ್ಲೆಗಳ ಹಳ್ಳಿ ಆಸ್ಪತ್ರೆಗಳಿಗೆ ಹೋಗಿ ಲಸಿಕೆ ಹಾಕಿಸಿಕೊಂಡು ಬಂದವರ ಸುದ್ದಿಯನ್ನೂ ಆಗ ಕೇಳಿದೆವು. ಅದೇ ಹಳ್ಳಿಯವರು ಆಸ್ಪತ್ರೆಯ ಹೊರಗೆ ನಿಂತಿದ್ದರು. ಮೇ 24ರಂದು ಸರಕಾರಿ ಕೇಂದ್ರಗಳಲ್ಲಿ ನೇರವಾಗಿ ಬಂದವರಿಗೂ ನೋಂದಣಿಗೆ ಅವಕಾಶ ಕೊಟ್ಟ ಮೇಲೆ ಈ ತೊಡಕು ಸ್ವಲ್ಪ ಸಡಿಲಾಯಿತು.

ಮೊಬೈಲು ಕೆಟ್ಟದ್ದೆಂದು ಹೇಳುತ್ತಿಲ್ಲ. ಕೋಟಿಗಟ್ಟಲೆ ಜನರ ಲೆಕ್ಕ ಇಡಲು ಅದು ಬೇಕಿತ್ತು. ಆದರೆ ನೀರು ಕಲಕಿದಾಗ ಓಡಿ ಬಂದವನಿಗೆ ಮೊದಲು ಎಂದು ನಿಯಮ ಮಾಡಿದರೆ, ಬೆತ್ಸಥದ ಆ ಮನುಷ್ಯ ಇನ್ನೂ 38 ವರ್ಷ ಅಲ್ಲೇ ಮಲಗಿರಬೇಕಾಗುತ್ತದೆ.

ಒಂದೇ ಲಸಿಕೆಗೆ ಮೂರು ಬೆಲೆ

ನಮ್ಮ ದೇಶದಲ್ಲಿ ಮಕ್ಕಳಿಗೆ ಹಾಕುವ ಲಸಿಕೆಗಳನ್ನು ಕೇಂದ್ರ ಸರಕಾರವೇ ಕೊಂಡು ರಾಜ್ಯಗಳಿಗೆ ಕಳಿಸುವುದು, ತಾಯಂದಿರಿಗೆ ಒಂದು ಪೈಸೆಯ ಖರ್ಚಿಲ್ಲದೆ ಹಾಕುವುದು ಬಹಳ ಹಿಂದಿನಿಂದ ಬಂದ ಪದ್ಧತಿ. 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೊ ಕಾರ್ಯಕ್ರಮದಲ್ಲಿ ಮನೆಮನೆಗೆ ಬಂದು ಎರಡು ಹನಿ ಹಾಕಿ, ಕಿರುಬೆರಳಿಗೆ ಮಸಿ ಹಚ್ಚಿ ಹೋದದ್ದು ನಿಮಗೆಲ್ಲ ನೆನಪಿರಬಹುದು. ಆಗ ಯಾರ ಬಳಿ ಫೋನಿದೆ ಎಂದು ಯಾರೂ ಕೇಳಲಿಲ್ಲ. 2014ರ ಮಾರ್ಚ್ 27ರಂದು ಭಾರತ ಪೋಲಿಯೊದಿಂದ ಮುಕ್ತವೆಂಬ ಪ್ರಮಾಣಪತ್ರ ಪಡೆಯಿತು.

2021ರ ಮೇ ತಿಂಗಳಲ್ಲಿ ಈ ಪದ್ಧತಿಯನ್ನು ಬಿಡಲಾಯಿತು. ತಯಾರಾದ ಲಸಿಕೆಯಲ್ಲಿ ಅರ್ಧ ಕೇಂದ್ರಕ್ಕೆ, ಕಾಲು ಭಾಗ ರಾಜ್ಯಗಳಿಗೆ, ಕಾಲು ಭಾಗ ಖಾಸಗಿ ಆಸ್ಪತ್ರೆಗಳಿಗೆ ಎಂದು ಹಂಚಿಕೆಯಾಯಿತು. ಕೇಂದ್ರ ಸರಕಾರಕ್ಕೆ 150 ರೂಪಾಯಿಗೆ ಸಿಗುತ್ತಿದ್ದ ಕೋವಿಶೀಲ್ಡಿಗೆ ರಾಜ್ಯಗಳು 400 ರೂಪಾಯಿ, ಖಾಸಗಿಯವರು 600 ರೂಪಾಯಿ ಕೊಡಬೇಕೆಂದು ತಯಾರಕರು ಹೇಳಿದರು. ಕೋವ್ಯಾಕ್ಸಿನ್‌ಗೆ ರಾಜ್ಯಗಳಿಂದ 600, ಖಾಸಗಿಯವರಿಂದ 1,200. ಕೂಗೆದ್ದ ಮೇಲೆ ರಾಜ್ಯಗಳ ಬೆಲೆಯನ್ನು 300 ಮತ್ತು 400ಕ್ಕೆ ಇಳಿಸಿದರು. ರಾಜ್ಯಗಳು ಒಂದರ ಮೇಲೊಂದು ಪೈಪೋಟಿಗೆ ಬಿದ್ದವು. ಕರ್ನಾಟಕವೂ 2 ಕೋಟಿ ಡೋಸುಗಳಿಗೆ ಜಾಗತಿಕ ಟೆಂಡರು ಕರೆಯಿತು. ಅದರಿಂದ ಫಲ ಸಿಗಲಿಲ್ಲ.

ಜೂನ್ 8ರಂದು ಖಾಸಗಿ ಆಸ್ಪತ್ರೆಗಳು ಕೋವಿಶೀಲ್ಡಿನ ಒಂದು ಡೋಸಿಗೆ 780 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು ಮಿತಿ ಹಾಕಲಾಯಿತು. ಸ್ವಲ್ಪ ಲೆಕ್ಕ ಹಾಕೋಣ. ಗಂಡ ಹೆಂಡಿರಿಬ್ಬರಿಗೆ ಎರಡೆರಡು ಡೋಸು ಎಂದರೆ 3,120 ರೂಪಾಯಿ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 289 ರೂಪಾಯಿ. ಅಂದರೆ ಒಬ್ಬರು ಹನ್ನೊಂದು ದಿನ ಮಣ್ಣು ಹೊತ್ತ ಕೂಲಿ, ಅದೂ ಲಾಕ್‌ಡೌನಿನಲ್ಲಿ ಕೆಲಸವಿಲ್ಲದ ಕಾಲದಲ್ಲಿ. ಸರಕಾರಿ ಆಸ್ಪತ್ರೆಯಲ್ಲಿ ಉಚಿತ, ನಿಜ. ಆದರೆ ಅಲ್ಲಿ ಸಾಕಷ್ಟು ದಾಸ್ತಾನಿರಲಿಲ್ಲ. ಖಾಸಗಿಯವರಿಗೆ ಕಾಲು ಭಾಗ ಮೀಸಲಿಟ್ಟರೂ ಅಲ್ಲಿ ಹಾಕಿಸಿಕೊಂಡವರು ಅದಕ್ಕಿಂತ ತೀರಾ ಕಡಿಮೆ.

ಈ ನೀತಿಯನ್ನು ಸರ್ವೋಚ್ಚ ನ್ಯಾಯಾಲಯವೇ ಪ್ರಶ್ನಿಸಿತು. ಮೊದಲಿನವರಿಗೆ ಉಚಿತವಾಗಿ ಕೊಟ್ಟು 18ರಿಂದ 44ರವರು ಹಣ ಕೊಡಬೇಕೆನ್ನುವುದು ಮೇಲ್ನೋಟಕ್ಕೆ ಮನಬಂದಂತೆ ಮಾಡಿದ, ವಿವೇಚನೆಯಿಲ್ಲದ ಕ್ರಮವೆಂದು ಮೇ 31ರ ಆದೇಶದಲ್ಲಿ ಹೇಳಿತು. ಬಜೆಟ್ಟಿನಲ್ಲಿ ಲಸಿಕೆಗೆಂದು ಇಟ್ಟಿದ್ದ 35,000 ಕೋಟಿ ರೂಪಾಯಿಯ ಲೆಕ್ಕವನ್ನೂ ಕೇಳಿತು. ಜೂನ್ 7ರಂದು ಪ್ರಧಾನಿಯವರು ನೀತಿಯ ಬದಲಾವಣೆಯನ್ನು ಘೋಷಿಸಿದರು. ಜೂನ್ 21ರಿಂದ ಕೇಂದ್ರವೇ ಮುಕ್ಕಾಲು ಪಾಲು ಲಸಿಕೆ ಕೊಂಡು ರಾಜ್ಯಗಳಿಗೆ ಉಚಿತವಾಗಿ ಕೊಡತೊಡಗಿತು. ಅಲ್ಲಿಂದ ವೇಗ ಹೆಚ್ಚಿತು. ಅಕ್ಟೋಬರ್ 21ರ ಹೊತ್ತಿಗೆ ದೇಶದಲ್ಲಿ 100 ಕೋಟಿ ಡೋಸುಗಳು ಮುಗಿದಿದ್ದವು.

ನೆರೆಯವನು ಯಾರು?

‘ನಮಗೇ ಇಲ್ಲದಾಗ ಬೇರೆ ದೇಶಗಳಿಗೆ ಏಕೆ ಕಳಿಸಿದರು?’ ಎಂದು ಆಗ ಅನೇಕರು ಕೋಪದಿಂದ ಕೇಳಿದರು. ಏಪ್ರಿಲಿನಲ್ಲಿ ರಫ್ತು ನಿಲ್ಲುವವರೆಗೆ ಸುಮಾರು 6.6 ಕೋಟಿ ಡೋಸುಗಳು ಭಾರತದಿಂದ ಹೊರಗೆ ಹೋಗಿದ್ದವು. ಈ ಕೋಪ ಸಹಜವಾದದ್ದು. ಆದರೆ ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. 2021ರ ಜನವರಿ 18ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಒಂದು ಲೆಕ್ಕ ಕೊಟ್ಟರು. ಅನುಕೂಲವುಳ್ಳ 49 ದೇಶಗಳಲ್ಲಿ ಅಷ್ಟರೊಳಗೆ 3.9 ಕೋಟಿ ಡೋಸು ಹಾಕಿ ಆಗಿತ್ತು. ಒಂದು ಅತಿ ಬಡ ದೇಶದಲ್ಲಿ ಹಾಕಿದ್ದು ಬರೀ 25 ಡೋಸು. ಇಪ್ಪತ್ತೈದು ಕೋಟಿಯಲ್ಲ, ಇಪ್ಪತ್ತೈದು ಲಕ್ಷವೂ ಅಲ್ಲ, ಬರೀ ಇಪ್ಪತ್ತೈದು.

ಬಡ ದೇಶಗಳಿಗೆಂದು ರೂಪಿಸಿದ ಕೋವ್ಯಾಕ್ಸ್ ಯೋಜನೆ ಹೆಚ್ಚಾಗಿ ಪುಣೆಯ ಕಾರ್ಖಾನೆಯನ್ನೇ ನಂಬಿತ್ತು. ನಾವು ರಫ್ತು ನಿಲ್ಲಿಸಿದಾಗ ಆಫ್ರಿಕಾದ ಆಸ್ಪತ್ರೆಗಳ ದಾದಿಯರು ತಮ್ಮ ಡೋಸಿಗಾಗಿ ಕಾದರು. ಗುಂಡ್ಲುಪೇಟೆಯ ಕೂಲಿಯವಳೂ ಆಫ್ರಿಕಾದ ದಾದಿಯೂ ಒಂದೇ ಕೊಳದ ದಡದಲ್ಲಿ ಕುಳಿತಿದ್ದರು. ಅವರಿಬ್ಬರನ್ನು ಒಬ್ಬರ ಮೇಲೊಬ್ಬರು ಎತ್ತಿಕಟ್ಟುವುದು ಸರಿಯಲ್ಲ. ಹಂಚಿಕೊಂಡದ್ದು ತಪ್ಪಲ್ಲ, ಬೇಕಾದಷ್ಟನ್ನು ಸಕಾಲಕ್ಕೆ ತಯಾರಿಸಲು ಹಣ ಕಟ್ಟದೆ ಹೋದದ್ದು ತಪ್ಪು. ಪೇಟೆಂಟಿನ ಹಕ್ಕುಗಳನ್ನು ಕೆಲ ಕಾಲ ಬದಿಗಿಡಬೇಕೆಂದು ಭಾರತ ಮತ್ತು ದಕ್ಷಿಣ ಆಫ್ರಿಕಾ 2020ರ ಅಕ್ಟೋಬರಿನಲ್ಲೇ ಕೇಳಿದ್ದವು. ವಿಶ್ವ ವ್ಯಾಪಾರ ಸಂಸ್ಥೆ ಸೀಮಿತವಾದ ಒಪ್ಪಿಗೆ ಕೊಟ್ಟದ್ದು 2022ರ ಜೂನ್‌ನಲ್ಲಿ. ಅಷ್ಟರಲ್ಲಿ ಸಾಯುವವರು ಸತ್ತಿದ್ದರು.

ಪಡಿತರ ಚೀಟಿಯ ಮೇಲೆ ಕೈ

ಈಗ ಎರಡನೆಯ ಪಾಠಕ್ಕೆ ಬರೋಣ. ಜೂನ್ ಕಳೆದು ಲಸಿಕೆ ಬರತೊಡಗಿದಾಗ ಕೆಲವು ಕಡೆ ಹಾಕಿಸಿಕೊಳ್ಳುವವರೇ ಕಡಿಮೆಯಾದರು. ಹಾಕಿಸಿಕೊಂಡರೆ ಎರಡು ವರ್ಷದಲ್ಲಿ ಸಾಯುತ್ತಾರೆ, ಮಕ್ಕಳಾಗುವುದಿಲ್ಲ ಎಂಬ ಸುಳ್ಳುಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಪ್ರಕಟನಾ ಗ್ರಂಥದಲ್ಲಿ ಹೇಳಿದ ಮೃಗದ ಗುರುತೇ ಇದು ಎಂದು ಹೆದರಿಸಿದ ಸಂದೇಶಗಳೂ ಇದ್ದವು. ಅಂಥದ್ದನ್ನು ವಿಚಾರಿಸದೆ ಮುಂದಕ್ಕೆ ಕಳಿಸಿದವರಲ್ಲಿ ನಮ್ಮವರೂ ಇದ್ದರೆಂದು ಒಪ್ಪಿಕೊಳ್ಳೋಣ.

2021ರ ಆಗಸ್ಟ್ ಕೊನೆಯ ಹೊತ್ತಿಗೆ ಚಾಮರಾಜನಗರ ಜಿಲ್ಲಾಡಳಿತ ಒಂದು ಅಭಿಯಾನ ಪ್ರಕಟಿಸಿತು: ಲಸಿಕೆ ಇಲ್ಲದಿದ್ದರೆ ಪಡಿತರ ಇಲ್ಲ, ಲಸಿಕೆ ಇಲ್ಲದಿದ್ದರೆ ಪಿಂಚಣಿ ಇಲ್ಲ. ಬಿ.ಪಿ.ಎಲ್. ಮತ್ತು ಅಂತ್ಯೋದಯ ಕಾರ್ಡಿನವರು ತಿಂಗಳ ಅಕ್ಕಿ ಪಡೆಯಬೇಕಾದರೆ ಲಸಿಕೆ ಹಾಕಿಸಿಕೊಂಡಿರಬೇಕು ಎಂಬುದು ಅದರ ಅರ್ಥ. ದೇಶದ ಪತ್ರಿಕೆಗಳಲ್ಲೆಲ್ಲ ನಮ್ಮ ಜಿಲ್ಲೆಯ ಹೆಸರು ಬಂತು.

ಅಧಿಕಾರಿಗಳ ಕಡೆಯಿಂದಲೂ ಯೋಚಿಸೋಣ. ನಾಲ್ಕು ತಿಂಗಳ ಹಿಂದೆ ಅದೇ ಜಿಲ್ಲೆ ಆ ಮೇ ತಿಂಗಳ ರಾತ್ರಿಯನ್ನು ಕಂಡಿತ್ತು. ಮೂರನೆಯ ಅಲೆಯ ಭಯವಿತ್ತು. ಜಿಲ್ಲೆಗೆ ಕೇರಳ, ತಮಿಳುನಾಡು ಎರಡೂ ಗಡಿ. ತೆರಕಣಾಂಬಿಯ ತರಕಾರಿ ಎರಡು ಕಡೆಗೂ ಲಾರಿಯಲ್ಲಿ ಹೋಗುತ್ತದೆ. ಜನ ಉಳಿಯಲಿ ಎಂಬುದೇ ಅವರ ಉದ್ದೇಶವಾಗಿತ್ತು ಎಂದು ನಂಬೋಣ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಈ ನಿಯಮ ಯಾರಿಗೆ ತಾಗಿತು? ಹಣ ಕೊಟ್ಟು ಅಂಗಡಿಯಲ್ಲಿ ಅಕ್ಕಿ ಕೊಳ್ಳುವವನು ಲಸಿಕೆ ಹಾಕಿಸಿಕೊಳ್ಳದಿದ್ದರೆ ಅವನ ಊಟಕ್ಕೆ ಅಡ್ಡಿಯಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಲ್ಲುವ ವಿಧವೆಗೆ ಮಾತ್ರ ಅಡ್ಡಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಪಡಿತರ ಅವಳ ಹಕ್ಕು, ಯಾರೋ ಕೊಡುವ ಭಿಕ್ಷೆಯಲ್ಲ. ಮೇ ತಿಂಗಳಲ್ಲಿ ಬಡವರು ಲಸಿಕೆ ಕೇಳಿದಾಗ ಕಾಯಿರಿ ಎಂದೆವು; ಸೆಪ್ಟೆಂಬರಿನಲ್ಲಿ ಅದೇ ಬಡವರು ಅನುಮಾನಪಟ್ಟಾಗ ಅವರ ಅನ್ನದ ಮೇಲೆ ಕೈಯಿಟ್ಟೆವು. ಎರಡು ಸಲವೂ ಅವರನ್ನು ಯಾರೂ ಕೇಳಲಿಲ್ಲ.

2022ರ ಮೇ 2ರಂದು ಸರ್ವೋಚ್ಚ ನ್ಯಾಯಾಲಯ ಈ ವಿಷಯದಲ್ಲಿ ತೀರ್ಪು ಕೊಟ್ಟಿತು. ಲಸಿಕೆಯ ನೀತಿ ಅಸಮಂಜಸವಲ್ಲ. ಆದರೆ ಯಾರನ್ನೂ ಬಲವಂತದಿಂದ ಲಸಿಕೆಗೆ ಒಳಪಡಿಸುವಂತಿಲ್ಲ. ಆಗಿನ ಪರಿಸ್ಥಿತಿಯಲ್ಲಿ, ಹಾಕಿಸಿಕೊಳ್ಳದವರ ಮೇಲೆ ರಾಜ್ಯಗಳು ಹೇರಿದ ನಿರ್ಬಂಧಗಳು ಅಳತೆ ಮೀರಿದವು ಎಂದಿತು. ಲಸಿಕೆಯಿಂದ ಆದ ಅಡ್ಡಪರಿಣಾಮಗಳ ಮಾಹಿತಿಯನ್ನು ಜನರಿಗೆ ತಿಳಿಯುವಂತೆ ಪ್ರಕಟಿಸಬೇಕೆಂದೂ ಹೇಳಿತು. ಇದು ಮುಖ್ಯವಾದ ಮಾತು. ಕೋವಿಶೀಲ್ಡಿನಂಥ ಲಸಿಕೆಯಿಂದ ಬಹಳ ಅಪರೂಪವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದೆಂಬುದು ನಿಜ. ಅದನ್ನು ಮುಚ್ಚಿಡದೆ, ರೋಗದಿಂದ ಆಗುವ ಅಪಾಯದ ಪಕ್ಕದಲ್ಲಿಟ್ಟು ವಿವರಿಸಿದರೆ ಜನ ನಂಬುತ್ತಾರೆ. ಮುಚ್ಚಿಟ್ಟರೆ ಸುಳ್ಳು ಹೇಳುವವರಿಗೆ ನಾವೇ ಜಾಗ ಬಿಟ್ಟುಕೊಟ್ಟಂತೆ.

ಧರ್ಮಸಭೆಯ ಬೋಧನೆ

ಭ್ರೂಣಹತ್ಯೆಯಾದ ಶಿಶುವಿನಿಂದ ಬಹಳ ಹಿಂದೆ ಪಡೆದ ಜೀವಕೋಶಗಳ ಸಂತತಿಯನ್ನು ಕೆಲವು ಲಸಿಕೆಗಳ ತಯಾರಿಕೆಯಲ್ಲಿ ಬಳಸುತ್ತಾರೆ, ಕೋವಿಶೀಲ್ಡ್ ಅಂಥವುಗಳಲ್ಲಿ ಒಂದು. ಇದನ್ನು ತಿಳಿದ ಕೆಲವು ವಿಶ್ವಾಸಿಗಳ ಅಂತಃಸಾಕ್ಷಿಗೆ ತೊಂದರೆಯಾಯಿತು. ವಿಶ್ವಾಸಬೋಧನೆಯ ಹೊಣೆ ಹೊತ್ತ ವ್ಯಾಟಿಕನ್ನಿನ ಪರಿಷತ್ತು 2020ರ ಡಿಸೆಂಬರ್ 21ರಂದು ಇದಕ್ಕೆ ಉತ್ತರ ಕೊಟ್ಟಿತು. ಬೇರೆ ಲಸಿಕೆ ಸಿಗದಿರುವಾಗ ಇವನ್ನು ಹಾಕಿಸಿಕೊಳ್ಳುವುದು ನೈತಿಕವಾಗಿ ಸ್ವೀಕಾರಾರ್ಹ. ಹಾಗೆ ಮಾಡಿದವರು ಭ್ರೂಣಹತ್ಯೆಯನ್ನು ಒಪ್ಪಿದಂತಾಗುವುದಿಲ್ಲ. ಲಸಿಕೆ ಸಾಮಾನ್ಯವಾಗಿ ನೈತಿಕ ಕಡ್ಡಾಯವಲ್ಲ, ಅದು ಸ್ವಇಚ್ಛೆಯಿಂದ ಆಗಬೇಕು. ಆದರೆ ಬೇಡವೆನ್ನುವವರು ತಮ್ಮಿಂದ ದುರ್ಬಲರಿಗೆ ರೋಗ ಹರಡದಂತೆ ಎಲ್ಲ ಎಚ್ಚರ ವಹಿಸಬೇಕು. ಕೊನೆಗೆ, ಲಸಿಕೆ ಬಡ ದೇಶಗಳಿಗೂ ಸಿಗುವಂತೆ ಮಾಡುವುದು ಕಂಪನಿಗಳ ಮತ್ತು ಸರಕಾರಗಳ ನೈತಿಕ ಹೊಣೆ.

ಬೆತ್ಸಥದ ಎರಡು ಪಾಠಗಳೂ ಇಲ್ಲಿವೆ, ನೋಡಿ. ದಿವಂಗತ ಜಗದ್ಗುರು ಪೋಪ್ ಫ್ರಾನ್ಸಿಸರು 2021ರ ಆಗಸ್ಟ್ 18ರ ಸಂದೇಶದಲ್ಲಿ ಲಸಿಕೆ ಹಾಕಿಸಿಕೊಳ್ಳುವುದನ್ನು ಪ್ರೀತಿಯ ಕಾರ್ಯವೆಂದು ಕರೆದರು. ಪ್ರೀತಿಯನ್ನು ಕೋಲು ಹಿಡಿದು ಮಾಡಿಸಲಾಗದು. ಅದೇ ಪೋಪರು ವ್ಯಾಟಿಕನ್ನಿನಲ್ಲಿ ಲಸಿಕೆ ಆರಂಭವಾದ ಕೆಲವೇ ದಿನಗಳಲ್ಲಿ ರೋಮಿನ ಬೀದಿಯಲ್ಲಿ ಮಲಗುವ ನಿರಾಶ್ರಿತರನ್ನು ಒಳಗೆ ಕರೆಸಿ ಅವರಿಗೂ ಹಾಕಿಸಿದರು. ಕಡೆಯಲ್ಲಿ ನಿಂತವರನ್ನು ಮುಂದೆ ಕರೆದರು.

ನಮ್ಮ ಸೀಮೆಯ ಹಳೆಯ ಪಾಠ

ಬಲವಂತವಿಲ್ಲದೆ ಜನರನ್ನು ಒಪ್ಪಿಸಲು ಆಗುತ್ತದೆಯೇ ಎಂದು ನೀವು ಕೇಳಬಹುದು. ಎರಡು ಶತಮಾನಗಳ ಹಿಂದೆ ನಮ್ಮ ಮೈಸೂರು ಸೀಮೆಯಲ್ಲೇ ಅದಕ್ಕೆ ಒಂದು ನಿದರ್ಶನವಿದೆ. ಸಿಡುಬು ಊರೂರನ್ನೇ ಬರಿದು ಮಾಡುತ್ತಿದ್ದ ಕಾಲ. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ಭಾರತದ ಮೊದಲ ಲಸಿಕೆ ಹಾಕಲಾಯಿತು. ಆಗ ಶೀತಪೆಟ್ಟಿಗೆ ಇರಲಿಲ್ಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ಹಾಕುತ್ತಾ, ತೋಳಿನಿಂದ ತೋಳಿಗೆ ಅದು ದೇಶವೆಲ್ಲ ಸಂಚರಿಸಿತು. ಹಸುವಿನ ರೋಗದ ರಸವನ್ನು, ಅದೂ ಯಾವ ಜಾತಿಯವರ ತೋಳಿನಿಂದಲೋ ಬಂದದ್ದನ್ನು ಮೈಗೆ ಹಾಕಿಸಿಕೊಳ್ಳಲು ಜನ ಹೆದರಿದರು, ಹೇಸಿದರು.

ಆಗ ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ ಲಸಿಕೆ ಹಾಕಿಸಿಕೊಂಡರು. ಅದನ್ನು ನೋಡಿ ಜನರು ಮುಂದೆ ಬಂದರೆಂದು 1806ರ ಜುಲೈ ತಿಂಗಳ ಪ್ರಕಟಣೆಯೊಂದು ಹೇಳುತ್ತದೆ. ಥಾಮಸ್ ಹಿಕ್ಕಿ ಎಂಬ ಕಲಾವಿದ 1805ರಲ್ಲಿ ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದಿದ್ದಾನೆ. ಅದರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ಅವಳೇ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಅಭಿಪ್ರಾಯ. ಅದರಲ್ಲೂ ರಾಜಕೀಯವಿತ್ತು, ಹೊಸದಾಗಿ ಬಂದ ಬ್ರಿಟಿಷರಿಗೆ ಅರಮನೆಯ ಒಪ್ಪಿಗೆ ಬೇಕಿತ್ತು. ಆದರೂ ಆ ರಾಣಿ ಜನರ ಕಣಜಕ್ಕೆ ಬೀಗ ಹಾಕಿಸಲಿಲ್ಲ. ತನ್ನ ತೋಳನ್ನು ಮುಂದೆ ಚಾಚಿದಳು.

2021ರಲ್ಲೂ ಹಳ್ಳಿಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು ಇದೇ. ತಾವೇ ಮೊದಲು ಹಾಕಿಸಿಕೊಂಡ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು, ದಾದಿಯರು ಬಿಸಿಲಿನಲ್ಲಿ ಮನೆಮನೆಗೆ ನಡೆದರು. ಕೋವಿಶೀಲ್ಡಿನ ಒಂದು ಸೀಸೆಯಲ್ಲಿ 10 ಜನರಿಗೆ ಆಗುವಷ್ಟಿರುತ್ತಿತ್ತು. ತೆರೆದ ಮೇಲೆ 4 ಗಂಟೆಯೊಳಗೆ ಮುಗಿಸಬೇಕಿತ್ತು. ಎಂಟು ಜನ ಸೇರಿದ್ದರೆ ಇನ್ನಿಬ್ಬರನ್ನು ಹುಡುಕಿಕೊಂಡು ಹೊಲಕ್ಕೇ ಹೋಗಬೇಕಿತ್ತು. ‘ಬಾರಮ್ಮ, ನಾನೂ ಹಾಕಿಸ್ಕೊಂಡಿದ್ದೀನಿ, ಒಂದು ದಿನ ಜ್ವರ ಬಂತು, ಹೋಯ್ತು’ ಎಂದು ಗುರುತಿನವರು ಹೇಳಿದ ಒಂದು ಮಾತು ಹತ್ತು ಸುತ್ತೋಲೆಗಳಿಗಿಂತ ದೊಡ್ಡದು. ಕೊಳಕ್ಕೆ ಇಳಿಸುವವರು ಎಂದರೆ ಇವರೇ.

ನಮ್ಮ ಪಾಲಿನ ಕೆಲಸ

ಪ್ರಿಯ ಓದುಗರೇ, ಲಸಿಕೆಯ ಬೆಲೆ, ಹಂಚಿಕೆ, ರಫ್ತು ಇವೆಲ್ಲ ದೆಹಲಿಯಲ್ಲಿ, ಜಿನೀವಾದಲ್ಲಿ ತೀರ್ಮಾನವಾಗುವ ಸಂಗತಿಗಳು, ನಮ್ಮಿಂದ ಏನಾದೀತು ಎನ್ನಬೇಡಿ. ಜನ ಕೇಳಿದ್ದರಿಂದ, ನ್ಯಾಯಾಲಯ ಪ್ರಶ್ನಿಸಿದ್ದರಿಂದ ಒಂದು ತಿಂಗಳಲ್ಲಿ ನೀತಿ ಬದಲಾಯಿತು. ಕೇಳುವುದು ನಾಗರಿಕರಾಗಿ ನಮ್ಮ ಹಕ್ಕು, ವಿಶ್ವಾಸಿಗಳಾಗಿ ನಮ್ಮ ಕರ್ತವ್ಯ. ಅದರ ಜೊತೆಗೆ ನಮ್ಮ ಬೀದಿಯಲ್ಲೇ ಮಾಡಬಹುದಾದ ಕೆಲಸವೂ ಇದೆ. ನಿಮ್ಮ ಧರ್ಮಕೇಂದ್ರದಲ್ಲಿ ಫೋನಿಲ್ಲದ ಮನೆಗಳು ಎಷ್ಟು? ಒಂಟಿಯಾಗಿರುವ ವೃದ್ಧರು ಯಾರು? ಯಾರನ್ನು ಆಸ್ಪತ್ರೆಗೆ ಕರೆದೊಯ್ಯಲು ಜನರಿಲ್ಲ? ಯುವಕರ ಸಂಘ, ಮಹಿಳೆಯರ ಸಂಘ ಸೇರಿ ಇಂದೇ ಒಂದು ಪಟ್ಟಿ ಮಾಡಿಟ್ಟುಕೊಳ್ಳಬಹುದು. ಪಟ್ಟಿಯಲ್ಲಿ ನಮ್ಮ ಧರ್ಮದವರು ಮಾತ್ರ ಇರಬೇಕಾಗಿಲ್ಲ. ಪ್ರಭು ಹೇಳಿದ ಸಾಮತಿಯಲ್ಲಿ ಸಮಾರಿಯದವನು ಗಾಯಗೊಂಡವನ ಜಾತಿ ಕೇಳಲಿಲ್ಲ.

ಕುಟುಂಬದಲ್ಲಿ ಮಾತಾಡಲು

1. 2021ರಲ್ಲಿ ನಮ್ಮ ಮನೆಯವರಿಗೆ ಲಸಿಕೆ ಸಿಕ್ಕಿದ್ದು ಹೇಗೆ? ಅದಕ್ಕಾಗಿ ನಮಗೆ ನೆರವಾದವರು ಯಾರು? ನಾವು ಯಾರಿಗೆ ನೆರವಾದೆವು?

2. ವಿಚಾರಿಸದೆ ನಾವು ಮುಂದಕ್ಕೆ ಕಳಿಸಿದ ಮೊಬೈಲ್ ಸಂದೇಶದಿಂದ ಯಾರಾದರೂ ಹೆದರಿ ಹಿಂದೆ ಸರಿದಿರಬಹುದೇ?

3. ಲಸಿಕೆಗೆ ಅನುಮಾನಪಟ್ಟ ನೆರೆಯವರನ್ನು ನಾವು ಹಂಗಿಸಿದೆವೇ, ಇಲ್ಲವೆ ಕುಳಿತು ಅವರ ಭಯವನ್ನು ಕೇಳಿಸಿಕೊಂಡೆವೇ?

4. ಬಡವರ ಪಡಿತರವನ್ನು ತಡೆದು ಒಳ್ಳೆಯ ಕೆಲಸ ಮಾಡಿಸುವುದು ಸರಿಯೇ? ಮಕ್ಕಳ ಅಭಿಪ್ರಾಯವನ್ನೂ ಕೇಳಿ.

ಈ ಮಾತುಕತೆಯ ನಂತರ ಒಂದು ನಿಮಿಷ ಮೌನವಾಗಿದ್ದು, ಆ ಮೇ ತಿಂಗಳ ರಾತ್ರಿ ಚಾಮರಾಜನಗರದಲ್ಲಿ ಉಸಿರು ನಿಂತವರನ್ನೂ ಅವರ ಮನೆಯವರನ್ನೂ ನಿಮ್ಮ ಪ್ರಾರ್ಥನೆಯಲ್ಲಿ ನೆನೆಯಿರಿ.